ಬೀಳದ ಉಂಗುರ

ಬೆಳಿಗ್ಗೆ ಎಂಟೂವರೆಗೆ ಸೀಸೆಯನ್ನು ತಲೆಕೆಳಗು ಮಾಡಿದಾಗ ಒಳಗಿದ್ದದ್ದು ಬೀಳಲಿಲ್ಲ.

ಪ್ರಯೋಗಾಲಯದ ಮೂಲೆಯ ಮೇಜಿನ ಸಂಶೋಧಕ ಸೀಸೆಯನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ಬೋರಲು ಹಿಡಿದ. ಬೀಳಲಿಲ್ಲ. ಧೈರ್ಯ ಮಾಡಿ ಮುಚ್ಚಳ ತೆಗೆದು ಹಿಡಿದ. ಆಗಲೂ ಬೀಳಲಿಲ್ಲ. ಒಂದು ವರ್ಷದಿಂದ ಅವನು ಮಾಡಿದ ಅಷ್ಟೂ ಸೀಸೆಗಳು ಈ ಹಂತದಲ್ಲಿ ಅವನ ಅಂಗಿಯ ತೋಳಿನೊಳಗೆ ಹರಿದು ಮೊಣಕೈಯಲ್ಲಿ ತೊಟ್ಟಿಕ್ಕಿದ್ದವು.

ಅವನ ಕೆಲಸ ನೀರನ್ನು ನಿಲ್ಲಿಸುವುದು. ಹರಳೆಣ್ಣೆಯಿಂದ ತಯಾರಿಸಿದ ಒಂದು ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಡಬೇಕು. ಆರುತ್ತ ಹೋದಂತೆ ಪುಡಿಯ ಅಣುಗಳು ತಾವಾಗಿಯೇ ಒಂದರ ಪಕ್ಕ ಒಂದು ಸೇರಿ ಎಳೆಯಾಗಬೇಕು, ಎಳೆಗಳು ಹೆಣೆದುಕೊಂಡು ಬಲೆಯಾಗಬೇಕು, ಆ ಬಲೆ ನೂರರಲ್ಲಿ ತೊಂಬತ್ತೆಂಟು ಪಾಲಿರುವ ನೀರನ್ನು ಅಲ್ಲಾಡದಂತೆ ಹಿಡಿದುಕೊಳ್ಳಬೇಕು. ಅದು ಜೆಲ್. ಸುಟ್ಟಗಾಯದ ಮೇಲೆ ಹಚ್ಚಿದರೆ ತಂಪಾಗಿ ಕೂರಬೇಕು, ಕೆಳಗಿನ ಗಾಯ ಡಾಕ್ಟರಿಗೆ ಕಾಣುವಷ್ಟು ತಿಳಿಯಾಗಿರಬೇಕು ಎಂಬುದು ಯೋಜನೆಯ ಗುರಿ. ಅಣುಗಳಿಗೆ ಮಾತ್ರ ಇದು ಗೊತ್ತಿರಲಿಲ್ಲ. ಟಿಕೆಟ್ ಕಿಟಕಿಯ ಮುಂದೆ ಜನ ಸೇರಿದ ಹಾಗೆ ಅವು ಸಾಲು ಬಿಟ್ಟು ಬೇರೆಲ್ಲ ಆಕಾರದಲ್ಲೂ ಸೇರುತ್ತಿದ್ದವು.

ಜೆಲ್ ಆಯಿತೋ ಇಲ್ಲವೋ ಎಂದು ತಿಳಿಯುವ ಮೊದಲ ಪರೀಕ್ಷೆ ಸೀಸೆಯನ್ನು ಬೋರಲು ಹಿಡಿಯುವುದು. ವರ್ಷವಿಡೀ ಇದನ್ನೇ ಮಾಡಿ ಅವನಿಗೆ ಅದೇ ಚಾಳಿ ಹತ್ತಿತ್ತು. ಮನೆಯಲ್ಲಿ ಶಾಂಪೂ ಬಾಟಲಿ, ಅಂಗಡಿಯಲ್ಲಿ ಜೇನುತುಪ್ಪ, ನೆಂಟರು ಕೊಟ್ಟ ಕೆಮ್ಮಿನ ಔಷಧ, ಯಾವುದು ಸಿಕ್ಕರೂ ತಿರುಗಿಸಿ ನೋಡುತ್ತಿದ್ದ. ಹೀಗಾಗಿ ಆ ಮಹಡಿಯಲ್ಲಿ ಎಲ್ಲರೂ ಅವನನ್ನು ತಲೆಕೆಳಗಣ್ಣ ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಮೂರಕ್ಕೆ ಯೋಜನೆಗೆ ಹಣ ಕೊಡುವ ಸಂಸ್ಥೆಯಿಂದ ಪರಿಶೀಲಕರೊಬ್ಬರು ಬರುವವರಿದ್ದರು. ಜೆಲ್ ತೋರಿಸಿದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಸಂಜೆಯೇ ಅವನ ಕೆಲಸ ಮುಗಿಯುತ್ತದೆ, ಮೇಜು ಪಕ್ಕದ ತಂಡಕ್ಕೆ ಹೋಗುತ್ತದೆ. ಪಕ್ಕದ ತಂಡದವರು ಹಿಂದಿನ ದಿನವೇ ಟೇಪು ಹಿಡಿದು ಮೇಜನ್ನು ಅಳೆದು ಹೋಗಿದ್ದರು. ಅವನು ಅಲ್ಲೇ ಕೂತಿದ್ದ. "ಸ್ವಲ್ಪ ಕಾಲು ಎತ್ತಿ" ಎಂದು ಹೇಳಿ ಅಳೆದಿದ್ದರು.

ಈಗ ಜೆಲ್ ಆಗಿತ್ತು. ನೀರು ಬೆರೆಸಿದ ಹಾಲಿನಂತೆ ಬೆಳ್ಳಗಿತ್ತು ನಿಜ, ಆದರೆ ನಿಂತಿತ್ತು. ಎಷ್ಟು ಬಿಸಿಗೆ ಕರಗುತ್ತದೆ ಎಂದು ನೋಡಿ ಬರೆದಿಟ್ಟರೆ ಮುಗಿಯಿತು. ಅದಕ್ಕೊಂದು ಸುಲಭದ ವಿಧಾನವಿದೆ. ಜೆಲ್ಲಿನ ಮೇಲೆ ಸಣ್ಣ ಉಕ್ಕಿನ ಗುಂಡು ಇಟ್ಟು ಬಿಸಿನೀರಿನಲ್ಲಿ ನಿಧಾನಕ್ಕೆ ಕಾಯಿಸುವುದು. ಗುಂಡು ಮುಳುಗಿದ ಕ್ಷಣ ಥರ್ಮಾಮೀಟರ್ ನೋಡುವುದು.

ಗುಂಡು ಸಿಗಲಿಲ್ಲ.

ಡಬ್ಬಿಯಲ್ಲಿ ಇರಲಿಲ್ಲ, ಡ್ರಾಯರಿನಲ್ಲಿ ಇರಲಿಲ್ಲ, ಬಿಳಿ ಕೋಟಿನ ಜೇಬಿನಲ್ಲಿ ಇರಲಿಲ್ಲ. ಅವನು ನೆಲಕ್ಕೆ ಮಂಡಿಯೂರಿ ಫ್ರಿಜ್ಜಿನ ಕೆಳಗೆ ಟಾರ್ಚು ಬಿಡುತ್ತಿದ್ದಾಗ ತಲೆಯ ಮೇಲಿಂದ ಮಾತು ಬಂತು.

"ಏನೋ ಹುಡುಕ್ತಿದೀಯ?"

ಅದು ಎದುರು ಮೇಜಿನ ಸಹೋದ್ಯೋಗಿ. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತಿದ್ದುದರಿಂದ ಸಲಹೆಗಾರ ಎಂದೇ ಪ್ರಸಿದ್ಧ. ತನ್ನ ಸ್ವಂತ ಪ್ರಯೋಗ ಯಾವುದೆಂದು ಅವನಿಗೂ ಖಚಿತವಿರಲಿಲ್ಲ.

"ಗುಂಡು ಕಣೋ. ಉಕ್ಕಿನ ಗುಂಡು."

"ಗುಂಡೇ ಯಾಕೆ ಬೇಕು? ಭಾರ ಇದ್ರೆ ಸಾಕಲ್ವಾ? ಕೈಯಲ್ಲಿ ಬಂಗಾರ ಇಟ್ಕೊಂಡು ನೆಲ ಗುಡಿಸ್ತಿದೀಯಲ್ಲ!"

ಸಂಶೋಧಕ ತನ್ನ ಬೆರಳಿನ ಮದುವೆಯ ಉಂಗುರ ನೋಡಿಕೊಂಡ. "ಬೇಡಪ್ಪ. ಇದೊಂದು ಬೇಡ."

ಬೇಡ ಎನ್ನಲು ಕಾರಣವಿತ್ತು. ಇದು ಎರಡನೆಯ ಉಂಗುರ. ಮೊದಲನೆಯದು ಹೋದ ವರ್ಷ ಇದೇ ಕೋಣೆಯ ಸಿಂಕಿನಲ್ಲಿ ಸೋಪಿನ ನೊರೆಯ ಜೊತೆ ಹೊರಟುಹೋಗಿತ್ತು. ಎರಡನೆಯದನ್ನು ತೊಡಿಸುವ ಮೊದಲು ಹೆಂಡತಿ ಅದರ ಒಳಬದಿಯಲ್ಲಿ ಮೂರು ಪದ ಕೆತ್ತಿಸಿದ್ದಳು. ಆ ಮೂರು ಪದಗಳನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಅದೂ ಅಲ್ಲದೆ ಅಂದು ಸಂಜೆ ಐದಕ್ಕೆ ಗಂಡಹೆಂಡತಿ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಮದುವೆಯಾಗಿ ಐದು ವರ್ಷವಾದರೂ ಮನೆಯ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

"ಹತ್ತು ನಿಮಿಷದ ಕೆಲಸ," ಎಂದ ಸಲಹೆಗಾರ. "ಮುಳುಗುತ್ತೆ, ತೆಗೀತೀಯ, ತೊಳೀತೀಯ, ಹಾಕ್ಕೋತೀಯ. ಚಿನ್ನಕ್ಕೆ ಏನಾಗುತ್ತೆ? ಹೊಳಪು ಬರುತ್ತೆ."

ಗಡಿಯಾರ ಒಂಬತ್ತು ದಾಟಿತ್ತು. ಸಂಶೋಧಕ ಉಂಗುರ ಬಿಚ್ಚಿ ಜೆಲ್ಲಿನ ಮೇಲಿಟ್ಟ. ಉಂಗುರ ಸಭೆಯ ಅಧ್ಯಕ್ಷರಂತೆ ಗಂಭೀರವಾಗಿ ಕೂತಿತು. ನಲವತ್ತು ಡಿಗ್ರಿ, ಕೂತಿತ್ತು. ಐವತ್ತು, ಕೂತಿತ್ತು. ಐವತ್ತೆಂಟಕ್ಕೆ ಒಂದು ಕಡೆ ವಾಲಿ ಮೆಲ್ಲಗೆ ಒಳಗಿಳಿಯಿತು. ಅವನು ಐವತ್ತೆಂಟು ಎಂದು ಬರೆದುಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಜವಾನ ನಿಂತು, "ಮೇಡಂ ಕರೀತಿದಾರೆ, ಈಗಲೇ ಅಂತೆ" ಎಂದ.

"ನೀನು ಹೋಗು. ಉಂಗುರ ನಾನು ತೆಗೆದಿಡ್ತೀನಿ," ಎಂದ ಸಲಹೆಗಾರ.

ಆ ದಿನ ಸಂಶೋಧಕ ಮಾಡಿದ ದೊಡ್ಡ ತಪ್ಪು ಉಂಗುರ ಬಿಚ್ಚಿದ್ದಲ್ಲ. "ಸರಿ" ಎಂದದ್ದು.

ಅವನು ವಾಪಸು ಬಂದಾಗ ಸಲಹೆಗಾರ ಸೀಸೆಯ ಮುಂದೆ ಕೈಕಟ್ಟಿ ನಿಂತಿದ್ದ. ಮುಖ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನ ಹಾಗಿತ್ತು.

"ಏನಾಯ್ತೋ?"

"ಏನೂ ಆಗಿಲ್ಲ. ಸೀಸೆ ಕೈ ಸುಡ್ತಿತ್ತು. ಅದಕ್ಕೇ ಐಸುನೀರಲ್ಲಿ ಇಟ್ಕೊಂಡು ಗಾಜಿನ ಕಡ್ಡೀಲಿ ಉಂಗುರ ಮೇಲಕ್ಕೆ ಎತ್ತುತಾ ಇದ್ದೆ. ಅರ್ಧ ದಾರಿ ಬಂತು..."

"ಬಂತು?"

"ಅಲ್ಲೇ ನಿಂತ್ಕೊಂಡ್ತು."

ಸಂಶೋಧಕ ಸೀಸೆಯನ್ನು ಬೆಳಕಿಗೆ ಹಿಡಿದ. ಜೆಲ್ ಗಟ್ಟಿಯಾಗಿತ್ತು. ಬೆಳ್ಳಗಿರಲಿಲ್ಲ. ಸೀಸೆ ಖಾಲಿ ಎನ್ನುವಷ್ಟು ತಿಳಿಯಾಗಿತ್ತು. ಆ ಖಾಲಿಯ ನಟ್ಟನಡುವೆ, ಯಾರೂ ಹಿಡಿಯದೆ, ಯಾವುದಕ್ಕೂ ಆತುಕೊಳ್ಳದೆ, ಅವನ ಮದುವೆಯ ಉಂಗುರ ನಿಂತಿತ್ತು. ಬೋರಲು ಹಿಡಿದ. ಉಂಗುರ ಕದಲಲಿಲ್ಲ.

ಇನ್ನೊಮ್ಮೆ ಕಾಯಿಸಿ ಕರಗಿಸಿದರೆ ಉಂಗುರ ಸಿಗುತ್ತದೆ ಎಂದು ಅವನು ಒಲೆಯ ಗುಂಡಿಗೆ ಕೈ ಹಾಕಿದ. ಕಾರಿಡಾರಿನಲ್ಲಿ ಮೇಡಂ ಅವರ ಚಪ್ಪಲಿಯ ಸದ್ದು ಕೇಳಿಸಿತು. ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಪ್ರಯೋಗದ ಸಾಮಾನಿನ ಹತ್ತಿರ ಬಿಸ್ಕತ್ತು ಕಂಡರೂ ಒಂದು ವಾರ ಮಾತು ಬಿಡುವವರು. ಸೀಸೆಯೊಳಗೆ ಉಂಗುರ ಕಂಡರೆ ಏನು ಮಾಡುತ್ತಾರೆಂದು ಊಹಿಸಲು ಸಮಯವಿರಲಿಲ್ಲ. ಸಲಹೆಗಾರ ಒಂದು ಅಗಲವಾದ ಲೇಬಲ್ ಚೀಟಿಯನ್ನು ಸರ್ರನೆ ಕಿತ್ತು, ಸೀಸೆಯ ಸೊಂಟಕ್ಕೆ ಬಿಗಿಯಾಗಿ ಸುತ್ತಿದ.

ಮೇಡಂ ಬಂದು ಸೀಸೆಯನ್ನು ಎತ್ತಿ, ಚೀಟಿಯಿಂದ ಮೇಲಕ್ಕೆ ಉಳಿದಿದ್ದ ಗಾಜಿನಲ್ಲಿ ಕಣ್ಣಿಟ್ಟು ನೋಡಿದರು. ಒಂದು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಮುಗುಳುನಗೆ ಕಾಣಿಸಿತು.

"ಇಷ್ಟು ತಿಳಿಯಾಗಿದೆಯಲ್ಲ! ನಿನ್ನೆವರೆಗೂ ಬೆಳ್ಳಗೆ, ನೀರಾಗಿ ಬರ್ತಿತ್ತು. ಏನು ಮಾಡಿದ್ರಿ?"

"ಅದು... ತಾನಾಗೇ ಆಯ್ತು ಮೇಡಂ."

"ಇದನ್ನ ಇನ್ನು ಯಾರೂ ಮುಟ್ಟಕೂಡದು. ನೀವೂ ಸಹ." ಅವರು ಸೀಸೆಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಕೈಚೀಲಕ್ಕೆ ಹೋಯಿತು.

ಹನ್ನೊಂದಕ್ಕೆ ಅವನು ಮೇಡಂ ಕೋಣೆಗೆ ಹೋಗಿ, ಉಷ್ಣಾಂಶ ಇನ್ನೊಂದು ಸಲ ನೋಡಬೇಕಿತ್ತು ಎಂದ. "ಒಂದ್ಸಲ ನೋಡಿದೀರಲ್ಲ?" ಎಂದರು. ಹನ್ನೆರಡಕ್ಕೆ ಹೋಗಿ, ಬೀರುವಿನಲ್ಲಿ ಧೂಳಿದೆ ಎಂದ. "ಇರಲಿ ಬಿಡಿ" ಎಂದರು. ಮೂರನೆಯ ಸಲ ಬಾಗಿಲವರೆಗೆ ಹೋಗಿ, ಒಳಗಿನಿಂದ "ಮತ್ತೆ ಯಾರದು?" ಎಂದು ಕೇಳಿದ್ದಕ್ಕೆ ಬೆಕ್ಕಿನ ಹಾಗೆ ಹಿಂದೆ ಸರಿದ.

ಊಟದ ಹೊತ್ತಿಗೆ ಅತ್ತಿಗೆ ಸಿಕ್ಕಿದರು.

ಅತ್ತಿಗೆ ಎಂದರೆ ಅವನ ಹೆಂಡತಿಯ ಅಕ್ಕ. ಅದೇ ಮಹಡಿಯ ಕಚೇರಿಯಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸ. ಯಾರು ತಡವಾಗಿ ಬಂದರು, ಯಾರು ತಲೆಗೆ ಬಣ್ಣ ಹಚ್ಚಿದರು, ಯಾರ ಬಟ್ಟೆಯ ಗುಂಡಿ ಕಿತ್ತಿದೆ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿತ್ತು. ಅವನು ಬಲಗೈಯನ್ನು ಡಬ್ಬಿಯ ಹಿಂದೆ ಅಡಗಿಸಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ.

"ಏನ್ರೀ, ಎಡಗೈ ಯಾವಾಗಿಂದ?"

"ಬಲಗೈ ಸ್ವಲ್ಪ ನೋವು ಅತ್ತಿಗೆ."

"ಕೊಡಿ ನೋಡೋಣ." ಹೇಳಿ ಮುಗಿಸುವ ಮೊದಲೇ ಕೈ ಅವರ ಕೈಯಲ್ಲಿತ್ತು. "ಉಂಗುರ ಎಲ್ಲಿ?"

"ಬೆರಳು ಊದಿತ್ತು. ಬಿಚ್ಚಿಟ್ಟೆ."

"ಯಾವ ಬೆರಳು? ಇದಾ? ಇದು ಪೆನ್ಸಿಲ್ ಹಾಗಿದೆ. ಎಲ್ಲಿ ಬಿಚ್ಚಿಟ್ರಿ?"

"ಬೀರುವಲ್ಲಿ. ಬೀಗ ಹಾಕಿದೆ. ತುಂಬಾ ಭದ್ರವಾಗಿದೆ." ಅವನ ಪ್ರಕಾರ ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

"ಹಾಗಾದ್ರೆ ತಂದು ತೋರಿಸಿ."

"ಈಗ ಆಗಲ್ಲ ಅತ್ತಿಗೆ. ಪ್ರಯೋಗಕ್ಕೆ ಬಳಸಿದೀವಿ. ಬೇಕಾದ್ರೆ ಇವನನ್ನ ಕೇಳಿ, ಇವನೇ ಹೇಳಿದ್ದು."

ಪಕ್ಕದಲ್ಲಿ ಕೂತಿದ್ದ ಸಲಹೆಗಾರ ಬಾಯಿಯೊಳಗಿನ ತುತ್ತು ನುಂಗಿ, "ನಾನಾ? ನಾನು ಯಾವ ಉಂಗುರಾನೂ ನೋಡಿಲ್ಲ ಅಕ್ಕಾ" ಎಂದು ಎದ್ದು ಕೈ ತೊಳೆಯಲು ಹೋದ. ಅವನ ಡಬ್ಬಿಯಲ್ಲಿ ಇನ್ನೂ ಅರ್ಧ ಊಟ ಉಳಿದಿತ್ತು.

ಅತ್ತಿಗೆ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. "ಹ್ಞೂಂ ಕಣೆ... ಎರಡನೇದೂ... ಇಲ್ಲ, ಬೆರಳು ಇದೆ" ಎಂಬಷ್ಟು ಅವನಿಗೆ ಕೇಳಿಸಿತು.

ಎರಡು ಗಂಟೆಯ ಹೊತ್ತಿಗೆ ಸುದ್ದಿ ಮಹಡಿಯ ಆ ತುದಿಯಿಂದ ಈ ತುದಿಗೆ ತಿರುಗಿ ಬಂದಿತ್ತು. ತಿರುಗಿ ಬರುವಷ್ಟರಲ್ಲಿ ತಲೆಕೆಳಗಣ್ಣ ಹೆಂಡತಿಯ ಜೊತೆ ಜಗಳವಾಡಿ ಉಂಗುರವನ್ನು ಕಿಟಕಿಯಿಂದ ಎಸೆದಿದ್ದ. ಸ್ಟೋರಿನವರು ಬಂದು ಅವನ ಭುಜ ತಟ್ಟಿ, "ಎಲ್ಲ ಮನೇಲೂ ಇದ್ದದ್ದೇ, ಧೈರ್ಯವಾಗಿರಿ" ಎಂದರು. ಪಕ್ಕದ ತಂಡದವರಿಬ್ಬರು ಸಂತಾಪದ ಮುಖ ಹೊತ್ತು ಬಂದವರು ಹೋಗುವಾಗ ಮೇಜಿನ ಎತ್ತರವನ್ನೂ ಅಳೆದುಕೊಂಡು ಹೋದರು. ಹಿಂದಿನ ದಿನ ಅದು ಮರೆತಿತ್ತಂತೆ.

ಮೂರಕ್ಕೆ ಸರಿಯಾಗಿ ಪರಿಶೀಲಕರು ಬಂದರು. ತೆಳ್ಳಗಿನ, ಮೆತ್ತಗೆ ಮಾತಾಡುವ ಹಿರಿಯರು. ಅವರ ಮುಖದಲ್ಲಿ ಮೆಚ್ಚುಗೆ ಯಾವುದು, ಹೊಟ್ಟೆನೋವು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಮೇಡಂ ಬೀರು ತೆರೆದು ಸೀಸೆಯನ್ನು ಅವರ ಕೈಗೆ ಕೊಟ್ಟರು. ಅವರು ಬೋರಲು ಹಿಡಿದರು. ಬೀಳಲಿಲ್ಲ.

"ನಿಂತಿದೆ," ಎಂದರು. ಸೀಸೆಯನ್ನು ತಿರುಗಿಸಿ ನೋಡಿದರು. "ಸೀಸೆಗಿಂತ ಚೀಟಿ ದೊಡ್ಡದಿದೆಯಲ್ಲ? ತಿಳಿಯಾಗಿದೆ ಅಂತೀರಿ, ಪರದೆ ಹಾಕಿದೀರಿ."

ಅವರು ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದರು. ಅಂಟು ಒಳ್ಳೆಯದಿತ್ತು, ಬಹಳ ಹೊತ್ತು ಸದ್ದು ಮಾಡುತ್ತ ಬಿಚ್ಚಿಕೊಂಡಿತು. ಕಿಟಕಿಯ ಬೆಳಕು ಸೀಸೆಯನ್ನು ಹಾದು ಉಂಗುರದ ಮೇಲೆ ಬಿತ್ತು.

ಮೇಡಂ ಸಂಶೋಧಕನನ್ನು ನೋಡಿದರು. ಸಂಶೋಧಕ ನೆಲವನ್ನು ನೋಡಿದ.

"ಇದು ಯಾರ ಯೋಚನೆ?" ಎಂದರು ಪರಿಶೀಲಕರು.

ಸಲಹೆಗಾರ ಅರ್ಧ ಹೆಜ್ಜೆ ಹಿಂದೆ ಸರಿದು, "ಇವನದು ಸರ್" ಎಂದು ಬೆರಳು ತೋರಿಸಿದ.

"ತುಂಬ ಚೆನ್ನಾಗಿದೆ," ಎಂದರು ಪರಿಶೀಲಕರು. "ಎಲ್ಲರೂ ಅಂಕಿ ತೋರಿಸ್ತಾರೆ. ಎಷ್ಟು ಗಟ್ಟಿ, ಎಷ್ಟು ತಿಳಿ ಅಂತ ಕಣ್ಣಿಗೆ ಕಾಣೋ ಹಾಗೆ ಯಾರೂ ತೋರಿಸಿರಲಿಲ್ಲ."

ಸಲಹೆಗಾರ ಒಂದೂವರೆ ಹೆಜ್ಜೆ ಮುಂದೆ ಬಂದ. "ಅಂದ್ರೆ ಯೋಚನೆ ನನ್ನದು ಸರ್. ಕೈ ಮಾತ್ರ ಇವನದು."

"ಓಹೋ. ಉಂಗುರ?"

ಸಲಹೆಗಾರನಿಗೆ ಓಟ ಸಿಕ್ಕಿತ್ತು, ನಿಲ್ಲುವುದು ಗೊತ್ತಾಗಲಿಲ್ಲ. "ಅದೂ ನನ್ನದೇ ಸರ್."

"ಯಾರದು?"

ಕೇಳಿದ್ದು ಬಾಗಿಲಿನಿಂದ. ಅಲ್ಲಿ ಸಂಶೋಧಕನ ಹೆಂಡತಿ ನಿಂತಿದ್ದಳು. ಫೋಟೊಗೆಂದು ಉಟ್ಟ ಹೊಸ ಸೀರೆ, ಕಣ್ಣಲ್ಲಿ ಕೆಂಡ. ಹಿಂದೆ ದಾರಿ ತೋರಿಸಲು ಬಂದಿದ್ದ ಅತ್ತಿಗೆ. ಹೆಂಡತಿ ನೇರವಾಗಿ ಬಂದು ಸೀಸೆಯನ್ನು ನೋಡಿದಳು, ಗಂಡನ ಬರಿ ಬೆರಳನ್ನು ನೋಡಿದಳು, ಕೊನೆಗೆ ಸಲಹೆಗಾರನ ಕಡೆ ತಿರುಗಿದಳು.

"ನಿಮ್ದಾ ಉಂಗುರ? ಹಾಗಾದ್ರೆ ಒಳಗಡೆ ಏನು ಬರೆದಿದೆ ಹೇಳಿ."

"ಒಳಗಡೆ... ಇನ್ನೇನು... ಹೆಂಡತಿ ಹೆಸರು."

"ನಿಮಗೆ ಮದುವೆ ಯಾವಾಗ ಆಯ್ತು?" ಎಂದರು ಮೇಡಂ.

"ಇವನು ಪ್ರತಿ ತಿಂಗಳೂ ನನ್ನ ಹತ್ರ ಹೆಣ್ಣು ನೋಡಿ ಅಕ್ಕಾ ಅಂತಾನೆ," ಎಂದು ಅತ್ತಿಗೆ ಹಾಜರಿ ಪುಸ್ತಕ ಓದಿದಂತೆ ಹೇಳಿದರು.

ಪರಿಶೀಲಕರು ಈ ಮಾತು ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಸೀಸೆಗೆ ಹಿಡಿದಿದ್ದರು. "ಬರೆದಿದೆ," ಎಂದರು. "ಕಾಣ್ತಿದೆ."

"ಸರ್, ಅದು ಬೇಡ ಸರ್," ಎಂದ ಸಂಶೋಧಕ.

ಪರಿಶೀಲಕರು ಒಂದೊಂದೇ ಅಕ್ಷರ ಕೂಡಿಸಿ, ಶಾಲೆಯ ಹುಡುಗನಂತೆ ಸ್ಪಷ್ಟವಾಗಿ ಓದಿದರು. "ಕಳೆದರೆ... ಮನೆಗೆ... ಬರಬೇಡಿ."

ಮೊದಲು ನಕ್ಕವರು ಮೇಡಂ. ಅವರು ಬಾಯಿಬಿಟ್ಟು ನಕ್ಕರೆ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಉಳಿದವರು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ನಕ್ಕರು. ಪರಿಶೀಲಕರು ನಗಲಿಲ್ಲ. ಅವರು ಬರೆದುಕೊಳ್ಳುತ್ತಿದ್ದರು.

"ಅಂದ್ರೆ ಇದನ್ನ ಗಾಯದ ಮೇಲೆ ಹಚ್ಚಿದರೆ ಕೆಳಗೆ ಏನಾಗ್ತಿದೆ ಅಂತ ಡಾಕ್ಟರು ಹೀಗೇ ಓದಬಹುದು. ಇಷ್ಟು ತಿಳಿಯಾಗಿ ಹೇಗೆ ಬಂತು? ನಿಜ ಹೇಳಿ."

ಸಂಶೋಧಕ ನಿಜ ಹೇಳಿದ. ಒಂದು ವರ್ಷದಿಂದ ತಾನು ಸೀಸೆಯನ್ನು ತಾನಾಗಿ ಆರಲು ಬಿಡುತ್ತಿದ್ದೆ, ಮೇಜು ಅಲುಗಾಡದಂತೆ ಕಾಯುತ್ತಿದ್ದೆ. ನಿಧಾನವಾಗಿ ಆರಿದಾಗ ಎಳೆಗಳು ದಪ್ಪಗೆ ಬೆಳೆದು ಸೀಸೆಯಲ್ಲಿದ್ದದ್ದು ಬೆಳ್ಳಗಾಗುತ್ತಿತ್ತೆಂದು ಕಾಣುತ್ತದೆ. ಇವತ್ತು ಐಸಿನಲ್ಲಿ ತಟ್ಟನೆ ಆರಿದ್ದರಿಂದ ಎಳೆಗಳು ನೂಲಿಗಿಂತ ಸಣ್ಣಗೆ ಉಳಿದಿರಬೇಕು, ಬೆಳಕಿಗೆ ಅಡ್ಡ ಬರುತ್ತಿಲ್ಲ. "ಉಂಗುರ ನನ್ನದು ಸರ್," ಎಂದ. "ಆದರೆ ಐಸಿನಲ್ಲಿ ಮುಳುಗಿಸಿದ್ದು ಇವನೇ. ಅದೊಂದು ನಿಜ."

ಸಲಹೆಗಾರನ ಕಿವಿ ಕೆಂಪಾಯಿತು. "ಸುಡ್ತಿತ್ತು ಸರ್, ಅದಕ್ಕೆ," ಎಂದ. ಪರಿಶೀಲಕರ ಮುಂದೆ ಅವನಾಡಿದ ಮೊದಲ ನಿಜವಾದ ಮಾತು ಅದು.

"ಮೂರು ತಿಂಗಳು ಮುಂದುವರಿಸಿ," ಎಂದರು ಪರಿಶೀಲಕರು. ಸಂಶೋಧಕನಿಗೆ ಉಸಿರು ಬಂತು. "ಆದರೆ ಸೀಸೆ ಹೀಗೇ ಇರಬೇಕು. ಉಂಗುರ ಸಮೇತ. ಇಷ್ಟು ಭಾರ ಹೊತ್ತು ಎಷ್ಟು ದಿನ ನಿಲ್ಲುತ್ತೆ ನೋಡಬೇಕು. ಕೂದಲೆಳೆಯಷ್ಟು ಇಳಿದರೂ ನನಗೆ ತಿಳಿಸಿ." ಅವರು ಉಂಗುರದ ಮಟ್ಟಕ್ಕೆ ಗಾಜಿನ ಮೇಲೆ ಗೆರೆ ಎಳೆದರು, ಮುಚ್ಚಳಕ್ಕೆ ಮುದ್ರೆ ಹಾಕಿ ಸಹಿ ಮಾಡಿದರು.

ಸಂಶೋಧಕನ ಉಸಿರು ಬಂದ ದಾರಿಯಲ್ಲೇ ಹೋಯಿತು. ಅವನು ಹೆಂಡತಿಯ ಕಡೆ ನೋಡಿದ.

ಹೆಂಡತಿ ಸೀಸೆಯನ್ನು ಕೈಗೆ ತೆಗೆದುಕೊಂಡು ತಾನೇ ಬೋರಲು ಹಿಡಿದಳು. ಒಂದು ಸಲ ಕುಲುಕಿದಳು. ಮೇಡಂ ಕಣ್ಣು ಮುಚ್ಚಿಕೊಂಡರು. ಉಂಗುರ ಕದಲಲಿಲ್ಲ.

"ಇದು ಬೀಳಲ್ವಾ?"

"ಐವತ್ತೆಂಟು ಡಿಗ್ರಿವರೆಗೂ ಬೀಳಲ್ಲ."

"ನಿಮ್ಮ ಬೆರಳಿಗಿಂತ ವಾಸಿ," ಎಂದಳು ಅವಳು. ಸೀಸೆಯನ್ನು ಬೀರುವಿನಲ್ಲಿಟ್ಟು ತಾನೇ ಬಾಗಿಲು ಹಾಕಿದಳು.

"ಹಾಗಾದ್ರೆ ನಾನು... ಮನೆಗೆ ಬರಬಹುದಾ?"

"ಕಳೆದಿಲ್ವಲ್ಲ. ಎಲ್ಲಿದೆ ಅಂತ ಗೊತ್ತಿದೆ. ನಡೀರಿ, ಸ್ಟುಡಿಯೋಗೆ ಹೊತ್ತಾಯ್ತು."

ದಾರಿಯುದ್ದಕ್ಕೂ ಅವಳು ಆ ಜೆಲ್ಲಿನ ಬಗ್ಗೆಯೇ ಕೇಳಿದಳು. ಮಕ್ಕಳ ಗಾಯಕ್ಕೂ ಹಚ್ಚಬಹುದಾ, ಉರಿಯಲ್ವಾ, ನಿಜವಾಗಿ ಹರಳೆಣ್ಣೆಯಿಂದಲೇ ಮಾಡಿದ್ದಾ. ಒಂದು ವರ್ಷದಿಂದ ಅವನ ಅಂಗಿಯ ತೋಳು ಒಗೆಯುತ್ತಿದ್ದವಳು ಅದರ ಬಗ್ಗೆ ಕೇಳಿದ್ದು ಇದೇ ಮೊದಲು. ಅವನು ಹೇಳುತ್ತ ಹೇಳುತ್ತ ಎರಡು ಸಲ ಸ್ಟುಡಿಯೋ ದಾಟಿ ಮುಂದೆ ಹೋದ.

ಫೋಟೊದವನು ದೀಪ ಸರಿಮಾಡಿ, "ಸರ್, ಬಲಗೈ ಮುಂದೆ ಬರಲಿ, ಉಂಗುರ ಕಾಣಲಿ" ಎಂದ.

"ಅವರು ಕೈ ಜೇಬಲ್ಲಿ ಇಟ್ಕೋತಾರೆ," ಎಂದಳು ಹೆಂಡತಿ.

ಸಂಶೋಧಕ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಬೆರಳಿಗೆ ತಣ್ಣಗೆ ಏನೋ ತಗುಲಿತು. ದುಂಡಗಿತ್ತು. ಉಕ್ಕಿನ ಗುಂಡು. ಹಿಂದಿನ ಸಂಜೆ, ಸಲಹೆಗಾರ ಎತ್ತಿಕೊಂಡು ಹೋಗದಿರಲಿ ಎಂದು, ಅವನೇ ಅಲ್ಲಿ ಇಟ್ಟುಕೊಂಡಿದ್ದ.

ದೀಪ ಮಿಂಚಿತು. ಗೋಡೆಯ ಮೇಲಿರುವ ಆ ಫೋಟೊದಲ್ಲಿ ಹೆಂಡತಿ ನಗುತ್ತಿದ್ದಾಳೆ. ಅವನ ಬಾಯಿ ತೆರೆದಿದೆ.

ಮೂರು ತಿಂಗಳ ನಂತರ ಪರಿಶೀಲಕರು ಬಂದು ನೋಡಿದರು. ಉಂಗುರ ಗೆರೆಯಿಂದ ಕದಲಿರಲಿಲ್ಲ. ಅವರು ಯೋಜನೆಯ ಅವಧಿಯನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿದರು, ಉಂಗುರದ ಅವಧಿಯನ್ನೂ ಸೇರಿಸಿ.